ಕ್ವಾರ್ಟರ್‌ನಿಂದ ಸೊನ್ನೆಗೆ: ಕೀಮೋ ಟೈಮಲ್ಲಿ ನಾನು ಕುಡಿತ ಇಳಿಸಿದ್ದು

ನಂಗೆ ಈಗ ಅರವತ್ತೇಳು. ಹೊಸನಗರ ಕಡೆಯೋನು, ಲೈನ್‌ಮ್ಯಾನ್ ಆಗಿ ರಿಟೈರ್ ಆದೋನು. ದೊಡ್ಡ ಕರುಳಿನ ಕ್ಯಾನ್ಸರ್ ಅಂತ ಗೊತ್ತಾದಾಗ ದಿನಾ ರಾತ್ರಿ ಒಂದು ಕ್ವಾರ್ಟರ್, ಅಂದ್ರೆ 180 ಎಂಎಲ್ ವಿಸ್ಕಿ ನಡೀತಿತ್ತು, ಅದೇನು ಇವತ್ತು ನಿನ್ನೆಯದಲ್ಲ, ಮಳೆಗಾಲದಲ್ಲಿ ಕಂಬ ಹತ್ತಿ ತೋಯ್ದು ತೊಪ್ಪೆಯಾಗಿ ಬಂದು ಮೈ ಬೆಚ್ಚಗಾಗ್ಲಿ ಅಂತ ಶುರುವಾಗಿದ್ದು, ಕಂಬ ಹತ್ತೋದು ನಿಂತ್ಮೇಲೂ ನಿಲ್ಲಲಿಲ್ಲ. (ಬೆಚ್ಚಗಾಗೋದೂ ಸುಳ್ಳಂತೆ. ಚರ್ಮದ ರಕ್ತನಾಳ ಹಿಗ್ಗಿ ಹಂಗನ್ಸುತ್ತೆ ಅಷ್ಟೆ, ಒಳಗಿನ ಶಾಖ ಹೊರಗೆ ಹೋಗುತ್ತೆ.) ಗಲಾಟೆ ಮಾಡ್ದೋನಲ್ಲ, ಚರಂಡೀಲಿ ಬಿದ್ದೋನಲ್ಲ, ಹಂಗಾಗಿ ಮನೇಲಿ ಯಾರೂ ಅದನ್ನ ಕುಡಿತ ಅಂತ ಲೆಕ್ಕಕ್ಕೇ ತಗೊಂಡಿರ್ಲಿಲ್ಲ.

ಆಪರೇಷನ್‌ಗೆ ಮುಂಚೆ ಶಿವಮೊಗ್ಗದಲ್ಲಿ ಡಾಕ್ಟ್ರು, ಡ್ರಿಂಕ್ಸ್ ಅಭ್ಯಾಸ ಇದ್ಯಾ ಅಂದ್ರು. ನಮ್ಮನೆಯವಳು "ಸ್ವಲ್ಪ ತಗೋತಾರೆ ಸರ್" ಅಂದ್ಲು. ನಾನು "ಸ್ವಲ್ಪ ಅಲ್ಲ ಸರ್, ದಿನಾ 180" ಅಂದೆ. ಅವರು ಬರೆಯೋದು ನಿಲ್ಸಿ ಎಷ್ಟು ವರ್ಷದಿಂದ, ಬೆಳಿಗ್ಗೆ ಕೈ ನಡುಗುತ್ತಾ, ಕೊನೇ ಸಲ ಪೂರ್ತಿ ಬಿಟ್ಟಿದ್ದು ಯಾವಾಗ ಅಂತ ಒಂದೊಂದೇ ಕೇಳಿದ್ರು. ನಾಳೆಯಿಂದ ಬಿಡಿ ಅಂತ ಮಾತ್ರ ಅನ್ಲಿಲ್ಲ. ಇದನ್ನ ಎಲ್ಲರೂ ತಿಳ್ಕೊಬೇಕು ನೋಡಿ. ವರ್ಷಗಟ್ಲೆ ದಿನಾ ಕುಡಿಯೋನು ಏಕ್‌ದಂ ನಿಲ್ಸಿದ್ರೆ ಎರಡು ಮೂರು ದಿನದೊಳಗೆ ನಡುಕ, ಬೆವರು, ಕೆಲವರಿಗೆ ಫಿಟ್ಸ್, ಇಲ್ಲದ್ದೆಲ್ಲ ಕಾಣೋದು ಆಗ್ಬಹುದು, ಅದು ಆಪರೇಷನ್ ಆಗಿ ಹೊಟ್ಟೆಗೆ ಹೊಲಿಗೆ ಹಾಕಿ ಮಲಗಿರೋವಾಗ ಆದ್ರೆ ಕತೆ ಏನು? ಅದಕ್ಕೇ ಮನೋವೈದ್ಯರ ಹತ್ರ ಕಳ್ಸಿದ್ರು, ಅವರು ಬಿ1 ವಿಟಮಿನ್ನು, ನಡುಕಕ್ಕೆ ಸ್ವಲ್ಪ ದಿನದ ಮಾತ್ರೆ ಕೊಟ್ಟು, ಯಾವತ್ತು ಎಷ್ಟು ಇಳಿಸ್ಬೇಕು ಅಂತ ಚೀಟಿ ಬರ್ಕೊಟ್ರು.

ಇಳಿಸೋಕೆ ಅಳತೆ ಬೇಕಲ್ಲ. ಲೋಟದಲ್ಲಿ ಅಂದಾಜು ಹುಯ್ಯೋನ ಕೈ ಯಾವಾಗಲೂ ಧಾರಾಳ. ಮೊಮ್ಮಗಳ ಹಳೇ ಹಾಲಿನ ಬಾಟ್ಲಿ ಅಟ್ಟದ ಮೇಲಿತ್ತು, ಅದರ ಮೇಲೆ 30, 60, 90 ಅಂತ ಗೆರೆ ಇರುತ್ತಲ್ಲ, ಅದನ್ನೇ ತಂದೆ. "ಮಗೀನ ಬಾಟ್ಲಿಗೆ ಅದನ್ನ ಹಾಕ್ತೀರಲ್ರೀ, ನಾಚಿಕೆ ಆಗಲ್ವಾ" ಅಂತ ನಮ್ಮನೆಯವಳು ಕೂಗಾಡಿದ್ಲು, ಆಮೇಲೆ ದಿನಾ ಸಂಜೆ ಅವಳೇ ಕನ್ನಡಕ ಹಾಕ್ಕೊಂಡು ಗೆರೆ ನೋಡಿ ಹುಯ್ದು ಕೊಡ್ತಿದ್ಲು, ಬಾಕಿ ಬಾಟ್ಲಿ ಅವಳ ಗಾಡ್ರೇಜಲ್ಲಿ. ವಿಸ್ಕಿ ಲೇಬಲ್ ಮೇಲೆ 42.8% ಅಂತ ಇರುತ್ತೆ, ಆ ಲೆಕ್ಕದಲ್ಲಿ ಒಂದು ಕ್ವಾರ್ಟರಲ್ಲಿ ಹತ್ತಿರ ಹತ್ತಿರ 60 ಗ್ರಾಂ ಅಪ್ಪಟ ಆಲ್ಕೋಹಾಲು. ಮಗಳು ಹಾಳೆ ಮೇಲೆ ಬರ್ದು ತೋರ್ಸಿದಾಗ ಸುಮ್ನೆ ಕೂತಿದ್ದೆ.

ಆಪರೇಷನ್ ಹೊತ್ತಿಗೆ ಸೊನ್ನೆಗೆ ಬಂತು. ಆದ್ರೆ ಸೊನ್ನೆ ಮಾಡೋದಕ್ಕಿಂತ ಸೊನ್ನೇಲಿ ಇರೋದು ಕಷ್ಟ ಮಾರಾಯ್ರೆ, ಅದೂ ಸಂಜೆ ಏಳು ಗಂಟೆಗೆ. ಕೀಮೋ ಶುರುವಾಯ್ತು, ಆಸ್ಪತ್ರೇಲಿ ಆಕ್ಸಾಲಿಪ್ಲಾಟಿನ್ ಡ್ರಿಪ್, ಮನೇಲಿ ಕ್ಯಾಪೆಸಿಟಾಬಿನ್ ಮಾತ್ರೆ, 14 ದಿನ ನುಂಗಿ 7 ದಿನ ರಜಾ. ಈ ಮಾತ್ರೆ ಬೆಳಿಗ್ಗೆ ಸಂಜೆ ಊಟ ಆಗಿ ಅರ್ಧ ಗಂಟೆ ಒಳಗೆ ತಗೋಬೇಕು. ಬೆಳಿಗ್ಗೆ ಎಂಟಕ್ಕೆ ಆದ್ರೆ ರಾತ್ರೀನೂ ಎಂಟಕ್ಕೆ, ಅಂದ್ರೆ ಏಳೂವರೆಗೆ ತಟ್ಟೆ ಮುಂದೆ ಕೂತಿರ್ಬೇಕು. ನಂಗೆ ಉಪಕಾರ ಆಗಿದ್ದು ಇದೇ. ಮುಂಚೆ ಏಳಕ್ಕೆ ಶುರು ಮಾಡಿ ಒಂಬತ್ತೂವರೆಗೆ ಊಟ, ಈಗ ಗಂಜಿ, ತಿಳಿಸಾರು ಏನಾದ್ರೂ ಸರಿ ಏಳೂವರೆಗೆ ಹೊಟ್ಟೆ ತುಂಬಿರ್ತಿತ್ತು. ಊಟ ಆದ್ಮೇಲೆ ಕುಡಿಯೋಕೆ ಮನಸ್ಸು ಅರ್ಧ ಸತ್ತಿರುತ್ತೆ, ಕುಡಿಯೋರನ್ನ ಕೇಳಿ ನೋಡಿ.

ಏಳಕ್ಕೆ ಮುಂಚಿನ ಹೊತ್ತಿಗೆ ಬಚ್ಚಲ ಒಲೆಗೆ ಬೆಂಕಿ ಹಾಕೋ ಕೆಲಸ ನಾನು ತಗೊಂಡೆ. ಮಳೆಗಾಲದ ಹಸಿ ಸೌದೆ ಹತ್ಸೋದು ಅಂದ್ರೆ ಊದಿ ಊದಿ ಸಾಕಾಗುತ್ತೆ, ಅಡಿಕೆ ಹಾಳೆ ತುಂಡು ತುರುಕಿ ಕೂತ್ರೆ ಮುಕ್ಕಾಲು ಗಂಟೆ ಎಲ್ಲಿ ಹೋಯ್ತೋ ಗೊತ್ತಾಗಲ್ಲ. ಆಮೇಲೆ ಸ್ನಾನ, ಆದ್ರೆ ಉಗುರುಬೆಚ್ಚಗೆ ಮಾತ್ರ, ಸುಡೋ ನೀರು ಹುಯ್ಕೊಂಡ್ರೆ ಈ ಮಾತ್ರೆಗೆ ಅಂಗೈ ಅಂಗಾಲು ಕೆಂಪಾಗಿ ಸಿಪ್ಪೆ ಏಳೋದು ಜಾಸ್ತಿಯಾಗುತ್ತೆ ಅಂತ ನರ್ಸ್ ಹೇಳಿದ್ರು. ಇನ್ನು ಆ ಡ್ರಿಪ್ಪಿಂದು ಬೇರೆ ಆಟ, ಹಾಕಿದ ಒಂದಷ್ಟು ದಿನ ತಣ್ಣನೇದು ಮುಟ್ಟಂಗಿಲ್ಲ, ಬಾವಿ ಹಗ್ಗ ಹಿಡಿದ್ರೆ ಬೆರಳಿಗೆ ಕರೆಂಟ್ ಹೊಡ್ದಂಗೆ, ನಿಜವಾದ ಕರೆಂಟ್ ಹೊಡ್ಸ್ಕೊಂಡಿರೋ ನಾನೇ ಹೇಳ್ತಿದ್ದೀನಿ. ಹಂಗಾಗಿ ಫ್ರಿಜ್ ಹತ್ರ ಹೋಗ್ತಿರ್ಲಿಲ್ಲ, ಕೈಗೆ ಬಿಸಿ ಕೊತ್ತಂಬರಿ ಜೀರಿಗೆ ಕಷಾಯದ ಲೋಟ. ಕೈಗೊಂದು ಲೋಟ ಬೇಕಾಗಿತ್ತು, ಅಷ್ಟೇ.

ರಜಾ ವಾರದಲ್ಲಿ ಒಂದು ನೈಂಟಿ ನಡೀತದಾ ಅಂತ ಡಾಕ್ಟ್ರನ್ನ ಕೇಳೇ ಬಿಟ್ಟೆ. ಬೈಲಿಲ್ಲ. ಈ ಡ್ರಿಪ್ಪು ಕೈಕಾಲಿನ ನರಕ್ಕೆ ಪೆಟ್ಟು ಕೊಡುತ್ತೆ, ಮದ್ಯನೂ ಅದೇ ನರಕ್ಕೆ ಕೊಡುತ್ತೆ, ಮಾತ್ರೆಗೆ ಭೇದಿಯಾದ್ರೆ ಮೈಯ ನೀರು ಹೋಗಿರುತ್ತೆ, ಮದ್ಯ ಇನ್ನಷ್ಟು ತೆಗೆಯುತ್ತೆ, ಲಿವರ್‌ಗೆ ಈಗ್ಲೇ ಕೆಲಸ ಜಾಸ್ತಿ ಅಂದ್ರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನೆಯೋರು ಮಾಡಿರೋ ಪಟ್ಟೀಲಿ, ಖಂಡಿತ ಕ್ಯಾನ್ಸರ್‌ಗೆ ಕಾರಣ ಆಗೋ ವಸ್ತುಗಳ ಒಂದನೇ ಗುಂಪಿಗೆ ಮದ್ಯ ಸೇರಿದ್ದು 1988ರಲ್ಲೇ ಅಂತ ಆಮೇಲೆ ಮಗಳು ಓದಿ ಹೇಳಿದ್ಲು, ಮದ್ಯದಿಂದ ಬರೋ ಕ್ಯಾನ್ಸರ್‌ಗಳಲ್ಲಿ ಕರುಳಿಂದೂ ಇದೆಯಂತೆ. ಅಡಿಕೇನೂ ಅದೇ ಗುಂಪಲ್ಲಿದೆ, ಆದ್ರೆ ಅದನ್ನ ನಮ್ಮೂರಲ್ಲಿ ಜೋರಾಗಿ ಹೇಳಂಗಿಲ್ಲ ಬಿಡಿ.

ದೋಸ್ತಿಗಳದ್ದು ಒಂದು ಪಾಡು. "ಬಿಸಿನೀರಿಗೆ ಎರಡು ಮುಚ್ಚಳ ಬ್ರಾಂಡಿ, ಔಷಧಿ ಮಾರಾಯ ಅದು" ಅಂತಾನೆ ಒಬ್ಬ. ಅವನಿಗೆ ಉಪದೇಶ ಮಾಡಕ್ಕೆ ಹೋಗ್ಲಿಲ್ಲ, ಸಂಜೆ ಬರ್ಬೇಡ, ಬೆಳಿಗ್ಗೆ ತಿಂಡಿಗೆ ಬಾ ಅಂದೆ, ಈಗ್ಲೂ ಬರ್ತಾನೆ, ಕಡುಬು ತಿಂದು ಹೋಗ್ತಾನೆ.

ಆಸೆ ತಡೆಯಕ್ಕಾಗದ ಒಂದು ರಾತ್ರಿ 14416ಕ್ಕೆ ಫೋನ್ ಮಾಡಿದ್ದೆ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಆ ಕಡೆ ಹುಡುಗಿ ಹೆಚ್ಚೇನೂ ಹೇಳ್ಲಿಲ್ಲ, ನಾನೇ ಮಾತಾಡಿದ್ದು ಜಾಸ್ತಿ, ಇಡೋ ಹೊತ್ತಿಗೆ ನಿದ್ದೆ ಬರ್ತಿತ್ತು.

ಕೀಮೋ ಮುಗಿದಿದೆ, ಕಾಲ್ಬೆರಳು ಇನ್ನೂ ಜುಂ ಅಂತಿದೆ. ಮುಂದೆ ಭಾವನ ಮಗಳ ಮದುವೆ ಇದೆ, ಹಿಂದಿನ ರಾತ್ರಿ ನೆಂಟ್ರ ಗಮ್ಮತ್ತು ಇದ್ದೇ ಇರುತ್ತೆ. ಛತ್ರದಿಂದ ವಯಸ್ಸಾದೋರನ್ನ ಮನೆಗೆ ಬಿಡೋ ಓಮ್ನಿ ಡ್ರೈವರ್ ಕೆಲಸ ಈಗ್ಲೇ ಕೇಳಿ ತಗೊಂಡಿದ್ದೀನಿ.