ಗೆರೆಗಳ ಸುಳ್ಳು ಸಂಕೇತಕ್ಕೆ ನಾನು ಕಂಡುಕೊಂಡ ದಾರಿ

ತೀರ್ಥಹಳ್ಳಿ ಕಡೆಯ ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೇಳದೆ ಕೇಳದೆ ಹೋಗುತ್ತವೆ. ಇಲ್ಲಿ ಕುಳಿತು ಬಿಟ್‌ಕಾಯಿನ್‌ನ 15 ನಿಮಿಷದ ಚಾರ್ಟ್ ನೋಡುವುದೇ ಒಂದು ಪಾಡು. ಅದಕ್ಕಿಂತ ದೊಡ್ಡ ತೊಂದರೆ ಬೇರೆಯೇ ಇತ್ತು: ಬೆಲೆ ಒಂದೇ ಮಟ್ಟದಲ್ಲಿ ತೂಗಾಡುವಾಗ ಚಲಿಸುವ ಸರಾಸರಿ ಗೆರೆಗಳು, ಅಂದರೆ ಹಿಂದಿನ 20 ಮತ್ತು 50 ಅವಧಿಗಳ ಸರಾಸರಿ ಬೆಲೆ ತೋರಿಸುವ ಗೆರೆಗಳು, ಪದೇ ಪದೇ ಒಂದನ್ನೊಂದು ದಾಟಿ (20ರದ್ದು ಮೇಲಕ್ಕೆ ದಾಟಿದರೆ ಕೊಳ್ಳುವ ಸಂಕೇತ, ಕೆಳಕ್ಕೆ ದಾಟಿದರೆ ಮಾರುವ ಸಂಕೇತ), ‘ಕೊಳ್ಳು’ ಎಂದ ಬೆನ್ನಲ್ಲೇ ‘ಮಾರು’ ಎನ್ನುತ್ತಿದ್ದವು.

ದಿನದ ಚಾರ್ಟಿಗೆ ಬಂದ ಮೇಲೆ ಈ ಕಾಟ ತಗ್ಗಿತು. ಹೆಚ್ಚಿನ ಕ್ರಿಪ್ಟೊ ಚಾರ್ಟ್‌ಗಳಲ್ಲಿ ದಿನದ ಕ್ಯಾಂಡಲ್ (ಆ ದಿನದ ಬೆಲೆಯ ಏರಿಳಿತ ತೋರಿಸುವ ಕಂಬ) ಮುಗಿಯುವುದು ನಮ್ಮ ಗಡಿಯಾರದ ಬೆಳಗಿನ 5.30ಕ್ಕೆ, ಕೊಟ್ಟಿಗೆಯಲ್ಲಿ ಹಾಲು ಕರೆಯುವ ಹೊತ್ತಿಗೆ. ಅದಕ್ಕೂ ಮುಂಚೆ ಗೆರೆಗಳು ದಾಟಿದಂತೆ ಕಂಡರೂ ಲೆಕ್ಕಕ್ಕಿಡುವುದಿಲ್ಲ. ಕ್ಯಾಂಡಲ್ ಮುಗಿಯುವಷ್ಟರಲ್ಲಿ ಅದು ಅಳಿಸಿಹೋಗಬಹುದು. ಬೆಲೆ 200 ದಿನಗಳ ಸರಾಸರಿಗಿಂತ ಮೇಲಿದ್ದು, ಆ ಗೆರೆಯೂ ಏರುಮುಖವಾಗಿದ್ದರೆ ಮಾತ್ರ ಕೊಳ್ಳುವ ಸಂಕೇತಕ್ಕೆ ಕಿವಿಗೊಡುತ್ತೇನೆ. ಗೆರೆ ಅಡ್ಡಡ್ಡ ಮಲಗಿದ್ದರೆ ಅಡಿಕೆ ತೋಟದ ಕಡೆ ಹೊರಡುತ್ತೇನೆ.

ಸರಾಸರಿ ಎಂದರೆ ಹಿಂದಿನ ಬೆಲೆಗಳ ಲೆಕ್ಕ, ಹಾಗಾಗಿ ಏರಿಕೆಯ ಮೊದಲ ಪಾಲು ಕೈತಪ್ಪುತ್ತದೆ. ತಪ್ಪಲಿ. ಲಾಭಕ್ಕೆ ಶೇ 30 ತೆರಿಗೆ, ನಷ್ಟವನ್ನು ಅದರಲ್ಲಿ ಕಳೆಯುವಂತಿಲ್ಲ, 2022ರ ಜುಲೈನಿಂದ ಮಾರಾಟದ ಮೊತ್ತಕ್ಕೆ ಶೇ 1 ಟಿಡಿಎಸ್ (ಮೂಲದಲ್ಲೇ ಮುರಿದುಕೊಳ್ಳುವ ತೆರಿಗೆ) ಬೇರೆ. ಸಣ್ಣ ಸಣ್ಣ ವಹಿವಾಟುಗಳನ್ನು ತಿಂದುಹಾಕುತ್ತಿದ್ದುದು ಇದೇ.