ಸೊಂಟದ ಆಪರೇಷನ್‌ನಲ್ಲಿ ತೆಗೆದ ಮೂಳೆ ಕೊಡುವುದಾದರೆ

ನಮ್ಮ ಮನೆ ಸುಂಟಿಕೊಪ್ಪದ ಹತ್ತಿರ. ಹನ್ನೆರಡು ವರ್ಷ ಹೊರಗೆ ಮೂಳೆ ಬ್ಯಾಂಕಿನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಊರಲ್ಲಿ ಯಾರಿಗಾದರೂ ಸೊಂಟದ ಕೀಲು ಬದಲಿಸುವಾಗ ನನ್ನನ್ನು ಕೇಳುತ್ತಾರೆ: "ತೆಗೆದ ಮೂಳೆ ದಾನ ಕೊಡ್ತೀರಾ ಅಂದ್ರು, ಏನ್ ಹೇಳೋದು?"

ಕೊಡಿ. ತೊಡೆಮೂಳೆಯ ಆ ಗುಂಡುತಲೆ ಹೇಗೂ ಹೊರಗೆ ಬರುತ್ತದೆ. ಗೆಡ್ಡೆ ತೆಗೆದ ಜಾಗ ತುಂಬಲು, ಕೂಡದ ಮೂಳೆ ಕೂಡಿಸಲು ಇನ್ನೊಬ್ಬರಿಗೆ ಬೇಕು. ಒಪ್ಪಿಗೆ ಬರಹದಲ್ಲಿರಲಿ. ದುಡ್ಡಿನ ಮಾತು ಬೇಡ, ಅದು ಕಾನೂನಿಗೆ ವಿರುದ್ಧ.

ಮೊದಲು ಪ್ರಶ್ನೆ ಕೇಳುತ್ತಾರೆ. ಕ್ಯಾನ್ಸರ್ ಇತ್ತಾ, ಕಾಮಾಲೆ ಆಗಿತ್ತಾ, ಟಿ.ಬಿ.ಗೆ ಮಾತ್ರೆ ತಗೊಂಡಿದ್ರಾ, ಸ್ಟೆರಾಯ್ಡ್ ಜಾಸ್ತಿ ದಿನ ನುಂಗಿದ್ರಾ? ಮಗ, ಸೊಸೆ ಎದುರಿಗಿದ್ದರೆ ಅಜ್ಜಿಯಂದಿರು ಕೆಲವನ್ನು ಮುಚ್ಚಿಡುತ್ತಾರೆ. ಅವರನ್ನು ಐದು ನಿಮಿಷ ನರ್ಸ್ ಜೊತೆ ಬಿಟ್ಟು ಹೊರಗೆ ಬನ್ನಿ.

ಆಮೇಲೆ ರಕ್ತ: ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್. ಥಿಯೇಟರಿನಲ್ಲೇ ಮೂಳೆಯ ಚೂರನ್ನು ಕಲ್ಚರ್‌ಗೆ, ಅಂದರೆ ಕ್ರಿಮಿ ಬೆಳೆಯುತ್ತಾ ಎಂದು ನೋಡುವ ಪರೀಕ್ಷೆಗೆ, ಕಳಿಸಿ, ಉಳಿದದ್ದನ್ನು ಪದರ ಪದರವಾಗಿ ಕಟ್ಟಿ ಮೈನಸ್ 70 ಡಿಗ್ರಿಗಿಂತ ಕೆಳಗೆ ಇಡುತ್ತಾರೆ.

ಕೆಲವು ಬ್ಯಾಂಕುಗಳಲ್ಲಿ ಮುಂದಿನ ಕೆಲಸ ನಮ್ಮ ಕಾಫಿ ಕಣ ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ಮೆದು ಭಾಗ ಕೆರೆದು, ರಕ್ತ, ಮಜ್ಜೆ, ಕೊಬ್ಬು ಹೋಗುವ ತನಕ ತೊಳೆದು, ಹೆಪ್ಪುಗಟ್ಟಿಸಿ ಒಣಗಿಸುತ್ತಾರೆ. ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜ, ಶೇ. 10ರ ತೇವಕ್ಕೆ ಬಂದರೆ ಸಾಕು, ಅಲ್ವಾ? ಮೂಳೆಯ ತೇವ ಅದರ ಅರ್ಧದಷ್ಟಕ್ಕೆ ಇಳಿಯಬೇಕು. ಕೊನೆಗೆ ಕ್ರಿಮಿ ಸಾಯಲೆಂದು ಪ್ಯಾಕೆಟ್ ಸಮೇತ ಗಾಮಾ ಕಿರಣ ಹಾಯಿಸುತ್ತಾರೆ, ಸಾಮಾನ್ಯವಾಗಿ 25 ಕಿಲೋಗ್ರೇ (ಕಿರಣದ ಅಳತೆ).

ಆದರೆ ಕಿರಣ ಜಾಸ್ತಿಯಾದರೆ ಮೂಳೆಯ ಗಟ್ಟಿತನ ಕಡಿಮೆಯಾಗುತ್ತದೆ. ಹಾಗಾಗಿ ಎಷ್ಟೋ ಮೂಳೆಗಳನ್ನು ಬರೀ ಫ್ರೀಜರಿನಲ್ಲಿಟ್ಟು ಬಳಸುತ್ತಾರೆ. ಚಳಿಗೆ ವೈರಸ್ ಸಾಯುವುದಿಲ್ಲ. ಸೋಂಕು ಹೊಸದಾಗಿದ್ದರೆ ಮೊದಲ ಪರೀಕ್ಷೆಯಲ್ಲಿ ಕಾಣಿಸದೆಯೂ ಇರಬಹುದು. ಅದಕ್ಕೇ 180 ದಿನ ಕಳೆದು ಇನ್ನೊಮ್ಮೆ ರಕ್ತ ಕೇಳುತ್ತಾರೆ. ವೈರಸ್ಸಿನ ವಂಶವಾಹಿಯನ್ನೇ ನೇರ ಹುಡುಕುವ ನ್ಯಾಟ್ ಪರೀಕ್ಷೆ ಇರುವ ಕಡೆ ಇದು ಬೇಡವಾಗಬಹುದು, ಕೇಳಿಕೊಳ್ಳಿ.

ವಿರಾಜಪೇಟೆ ಕಡೆಯ ಅಜ್ಜಿಯೊಬ್ಬರು ಜನವರಿಯಲ್ಲಿ ಕೊಟ್ಟಿದ್ದರು. ಜುಲೈನಲ್ಲಿ ಫೋನ್ ಮಾಡಿದೆ. ಜಡಿಮಳೆ, ರಸ್ತೆಗೆ ಮರ ಬಿದ್ದಿತ್ತು. "ಮಳೆ ಬಿಟ್ಮೇಲೆ ಬರ್ತೀನಮ್ಮಾ" ಅಂದರು. ಅಷ್ಟರಲ್ಲಿ ತೀರಿಕೊಂಡರು. ಒಳ್ಳೆಯ ಮೂಳೆ ಅದು, ಎಸೆಯುವ ಚೀಟಿಗೆ ನಾನೇ ಸಹಿ ಹಾಕಿದೆ. ಇವತ್ತಿಗೂ ಸಂಕಟವಾಗುತ್ತದೆ.

ಆದ್ದರಿಂದ ಡಿಸ್ಚಾರ್ಜ್ ದಿನವೇ ಆ ಎರಡನೇ ರಕ್ತಪರೀಕ್ಷೆಯ ತಾರೀಕು ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಿ. ಮಳೆಗಾಲಕ್ಕೆ ಬಿದ್ದರೆ, ಮಡಿಕೇರಿಯಲ್ಲೇ ರಕ್ತ ತೆಗೆದು ಕಳಿಸಬಹುದೇ ಎಂದು ಬ್ಯಾಂಕಿನವರನ್ನು ಆಗಲೇ ಕೇಳಿ.