ಟರ್ಬೊ ಕಾರಿಗೆ ಬೂಸ್ಟ್ ಕಂಟ್ರೋಲ್: ಆಯ್ಕೆ ಸ್ಪ್ರಿಂಗಿನಿಂದ ಶುರುವಾಗಲಿ

ಬೂಸ್ಟ್ ಕಂಟ್ರೋಲರ್ ಬೂಸ್ಟನ್ನು (ಟರ್ಬೊ ವಾತಾವರಣಕ್ಕಿಂತ ಹೆಚ್ಚಾಗಿ ಕೊಡುವ ಗಾಳಿಯ ಒತ್ತಡವನ್ನು) ವೇಸ್ಟ್‌ಗೇಟ್ ಸ್ಪ್ರಿಂಗಿನ ಮಟ್ಟಕ್ಕಿಂತ ಮೇಲೆ ಏರಿಸಬಲ್ಲದೇ ಹೊರತು ಅದಕ್ಕಿಂತ ಕೆಳಗೆ ಇಳಿಸಲಾರದು. ಟರ್ಬೊ ಒತ್ತಿದ ಗಾಳಿ, ಗೇಟನ್ನು ತೆರೆಯುವ ಆಕ್ಚುಯೇಟರಿನ ಡಯಾಫ್ರಮನ್ನು (ಒಳಗಿನ ತೆಳು ಪೊರೆಯನ್ನು) ತಳ್ಳಿ, ಸ್ಪ್ರಿಂಗನ್ನು ಗೆದ್ದಾಗ ವೇಸ್ಟ್‌ಗೇಟ್ ತೆರೆದುಕೊಂಡು ಎಕ್ಸಾಸ್ಟಿನ ಒಂದು ಪಾಲು ಟರ್ಬೈನನ್ನು ತಪ್ಪಿಸಿ ಹೊರಹೋಗುತ್ತದೆ. ಆಕ್ಚುಯೇಟರಿಗೆ ತಲುಪುವ ಗಾಳಿಯ ಒತ್ತಡವನ್ನು ಕಡಿಮೆ ಮಾಡಿ ಗೇಟ್ ತಡವಾಗಿ ತೆರೆಯುವಂತೆ ನೋಡಿಕೊಳ್ಳುವುದಷ್ಟೇ ಕಂಟ್ರೋಲರಿನ ಕೆಲಸ. ಆದ್ದರಿಂದ ಮ್ಯಾನುಯಲ್ ಬೇಕೋ ಎಲೆಕ್ಟ್ರಾನಿಕ್ ಬೇಕೋ ಎಂದು ಕೇಳುವ ಮೊದಲು, ನಿಮ್ಮ ಕಾರಿನ ಸ್ಪ್ರಿಂಗ್ ಎಷ್ಟು ಒತ್ತಡಕ್ಕೆ ಮಣಿಯುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು.

ಇಲ್ಲಿ ಹೇಳುವುದೆಲ್ಲ ಗಾಳಿಯ ಒತ್ತಡದಿಂದ ಕೆಲಸ ಮಾಡುವ ಆಕ್ಚುಯೇಟರ್ ಇರುವ ಪೆಟ್ರೋಲ್ ಕಾರುಗಳಿಗೆ ಅನ್ವಯಿಸುತ್ತದೆ. ಮೊದಲ ತಲೆಮಾರಿನ ಸ್ಕೋಡಾ ಆಕ್ಟೇವಿಯಾದ 1.8 ಟರ್ಬೊ ಎಂಜಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಈಚಿನ 1.0 ಟಿಎಸ್‌ಐ ಎಂಜಿನ್ನಿನಲ್ಲಿ ವೇಸ್ಟ್‌ಗೇಟನ್ನು ವಿದ್ಯುತ್ ಮೋಟಾರು ನಡೆಸುವುದರಿಂದ ಅಲ್ಲಿ ಬದಲಾವಣೆ ಏನಿದ್ದರೂ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸಾಫ್ಟ್‌ವೇರಿನಲ್ಲೇ ಆಗಬೇಕು. ವೇರಿಯಬಲ್ ಜಿಯೊಮೆಟ್ರಿ ಟರ್ಬೊ ಇರುವ ಡೀಸೆಲ್ ಕಾರುಗಳ ದಾರಿಯೇ ಬೇರೆ.

ಸ್ಪ್ರಿಂಗನ್ನು ಅಳೆಯುವುದು ಕಷ್ಟದ ಕೆಲಸವಲ್ಲ. ಎಂಜಿನ್ ತಣ್ಣಗಿರುವಾಗ ಆಕ್ಚುಯೇಟರಿನ ಹೋಸನ್ನು ಬಿಚ್ಚಿ, ಗೇಜ್ ಇರುವ ಸೈಕಲ್ ಪಂಪನ್ನು ಆ ಮೂತಿಗೆ ಜೋಡಿಸಿ, ನಿಧಾನವಾಗಿ ಗಾಳಿ ಒತ್ತುತ್ತ, ಆಕ್ಚುಯೇಟರಿನಿಂದ ಗೇಟಿಗೆ ಹೋಗುವ ಕಂಬಿಯ ಮೇಲೆ ಕಣ್ಣಿಡಿ. ಕಂಬಿ ಮೊದಲು ಅಲುಗಿದಾಗಿನ ಒತ್ತಡವನ್ನೂ ಪೂರ್ತಿ ಚಾಚಿದಾಗಿನ ಒತ್ತಡವನ್ನೂ ಬರೆದಿಟ್ಟುಕೊಳ್ಳಿ. ಪಂಪ್ ನಿಲ್ಲಿಸಿದ ಮೇಲೆ ಮುಳ್ಳು ತಾನಾಗಿ ಇಳಿಯುತ್ತಿದ್ದರೆ ಮೊದಲು ನಿಮ್ಮ ಜೋಡಣೆಯಲ್ಲಿ ಸೋರಿಕೆ ಇದೆಯೇ ನೋಡಿ. ಇಲ್ಲವಾದರೆ ಡಯಾಫ್ರಮ್ ಹರಿದಿದೆ ಎಂದೇ ಅರ್ಥ, ಅಂಥ ಆಕ್ಚುಯೇಟರಿಗೆ ಯಾವ ಕಂಟ್ರೋಲರ್ ಹಾಕಿದರೂ ಪ್ರಯೋಜನವಿಲ್ಲ.

ಮುಂದಿನ ಹೆಜ್ಜೆಯಾಗಿ, ಕಂಟ್ರೋಲರಿಲ್ಲದೆ ಬರೀ ಸ್ಪ್ರಿಂಗಿನ ಮೇಲೆ ಕಾರನ್ನು ಡೈನೊದಲ್ಲಾಗಲಿ (ಕಾರು ನಿಂತಲ್ಲೇ ಚಕ್ರ ತಿರುಗಿಸಿ ಶಕ್ತಿ ಅಳೆಯುವ ಯಂತ್ರ) ಮುಚ್ಚಿದ ಟ್ರ್ಯಾಕಿನಲ್ಲಾಗಲಿ ಪೂರ್ತಿ ಥ್ರಾಟಲಿನಲ್ಲಿ ಓಡಿಸಿ, ಪ್ರತಿ 500 ಆರ್‌ಪಿಎಂಗೆ ಬೂಸ್ಟ್ ಎಷ್ಟಿದೆ ಎಂದು ದಾಖಲಿಸಬೇಕು. 0.5 ಬಾರಿನಲ್ಲಿ (ಬಾರ್ ಎಂದರೆ ಒತ್ತಡದ ಅಳತೆ) ನಿಲ್ಲಬೇಕಾದ ಬೂಸ್ಟ್ ಆರ್‌ಪಿಎಂ ಏರಿದಂತೆ 0.8ಕ್ಕೋ 0.9ಕ್ಕೋ ತೆವಳುತ್ತ ಹೋದರೆ ಅದನ್ನು ಕ್ರೀಪ್ ಎನ್ನುತ್ತಾರೆ. ದೊಡ್ಡ ಡೌನ್‌ಪೈಪ್ (ಟರ್ಬೊದಿಂದ ಹೊರಡುವ ಎಕ್ಸಾಸ್ಟ್ ಕೊಳವೆ) ಹಾಕಿದ ಕಾರುಗಳಲ್ಲಿ ಇದು ಮತ್ತೆ ಮತ್ತೆ ಕಾಣುತ್ತದೆ, ಏಕೆಂದರೆ ಎಕ್ಸಾಸ್ಟ್ ಸರಾಗವಾದ ಮೇಲೆ ವೇಸ್ಟ್‌ಗೇಟಿನ ಕಿಂಡಿ ಸಾಲದಾಗುತ್ತದೆ. ಗೇಟ್ ಪೂರ್ತಿ ತೆರೆದೂ ಬೂಸ್ಟ್ ಏರುತ್ತಿರುವಾಗ ಕಂಟ್ರೋಲರಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಇದಕ್ಕೆ ಪರಿಹಾರವೆಂದರೆ ಕಿಂಡಿಯನ್ನು ದೊಡ್ಡದು ಮಾಡಿಸುವುದು ಅಥವಾ ಟರ್ಬೊದ ಹೊರಗೆ ಪ್ರತ್ಯೇಕವಾಗಿ ಕೂರುವ ಎಕ್ಸ್‌ಟರ್ನಲ್ ವೇಸ್ಟ್‌ಗೇಟ್ ಹಾಕಿಸುವುದು. ಕಂಟ್ರೋಲರಿಗೆ ಎತ್ತಿಟ್ಟ ಹಣವನ್ನು ಮೊದಲು ಇಲ್ಲಿ ಖರ್ಚು ಮಾಡಿ ಎಂದು ನಾನು ಒತ್ತಿ ಹೇಳುತ್ತೇನೆ.

ಸ್ಪ್ರಿಂಗ್ ಮತ್ತು ಗೇಟ್ ಸರಿಯಿವೆ ಎಂದು ಖಚಿತವಾದ ಮೇಲೆ ಗುರಿಯನ್ನು ನಿಗದಿ ಮಾಡಿಕೊಳ್ಳಿ. ಸ್ಪ್ರಿಂಗಿನ ಸುಮಾರು ಎರಡರಷ್ಟು ಒತ್ತಡದವರೆಗೆ ಸಾಮಾನ್ಯ ತ್ರಿ-ಪೋರ್ಟ್ ಸೊಲೆನಾಯ್ಡ್ (ಆಕ್ಚುಯೇಟರಿಗೆ ಹೋಗುವ ಗಾಳಿಯನ್ನು ಕರೆಂಟಿನಿಂದ ನಿಯಂತ್ರಿಸುವ ಮೂರು ಮೂತಿಯ ವಾಲ್ವ್) ಚೆನ್ನಾಗಿ ಹಿಡಿತ ಸಾಧಿಸುತ್ತದೆ. ಅದನ್ನು ಮೀರಿದರೆ ಎಕ್ಸಾಸ್ಟಿನ ಒತ್ತಡವೇ ಗೇಟನ್ನು ಒಳಗಿನಿಂದ ತಳ್ಳಿ ತೆರೆಯತೊಡಗುತ್ತದೆ, ಮೇಲಿನ ಆರ್‌ಪಿಎಂನಲ್ಲಿ ಬೂಸ್ಟ್ ಕುಸಿಯುತ್ತದೆ. ಆಗ ಗಟ್ಟಿ ಸ್ಪ್ರಿಂಗ್ ಬೇಕು, ಇಲ್ಲವೇ ಎರಡು ಮೂತಿಯ ಆಕ್ಚುಯೇಟರಿನ ಜೊತೆ ಫೋರ್-ಪೋರ್ಟ್ ಸೊಲೆನಾಯ್ಡ್ ಬೇಕು. ಆಕ್ಟೇವಿಯಾದ ಕೆ03ರಂಥ ಚಿಕ್ಕ ಟರ್ಬೊಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಅದರ ಕಾರ್ಖಾನೆಯ ಎನ್75 ವಾಲ್ವೂ ಒಂದು ತ್ರಿ-ಪೋರ್ಟ್ ಸೊಲೆನಾಯ್ಡೇ, ಇಸಿಯು ಮ್ಯಾಪನ್ನು (ಅದು ಅನುಸರಿಸುವ ಅಂಕಿಗಳ ಪಟ್ಟಿಯನ್ನು) ಸರಿಯಾಗಿ ಬರೆಸಿದರೆ ಬಹುಪಾಲು ಮಂದಿಗೆ ಅದೇ ಸಾಕು.

ಮ್ಯಾನುಯಲ್ ಕಂಟ್ರೋಲರುಗಳಲ್ಲಿ ಗಾಳಿಯನ್ನು ಸೋರಬಿಡುವ ಬ್ಲೀಡ್ ಬಗೆಗಿಂತ, ಒಳಗೆ ಚಿಕ್ಕ ಗುಂಡು ಮತ್ತು ಸ್ಪ್ರಿಂಗ್ ಇರುವ ಬಗೆ ಉತ್ತಮ: ನಿಗದಿತ ಒತ್ತಡ ಮುಟ್ಟುವವರೆಗೆ ಅದು ಆಕ್ಚುಯೇಟರಿಗೆ ಗಾಳಿಯನ್ನೇ ಬಿಡುವುದಿಲ್ಲವಾದ್ದರಿಂದ ಟರ್ಬೊ ಬೇಗ ಏಳುತ್ತದೆ. ಬೆಲೆಯೂ ಕಡಿಮೆ, ಕೆಡುವ ಭಾಗಗಳೂ ಕಡಿಮೆ. ಆದರೆ ಅದಕ್ಕೆ ಗೇರ್ ತಿಳಿಯದು, ಹವೆ ತಿಳಿಯದು. ಮುಂದಿನ ಚಕ್ರಗಳು ಮೊದಲ ಮತ್ತು ಎರಡನೇ ಗೇರಿನಲ್ಲಿ ಜಾರುವ ಕಾರಿನಲ್ಲಿ ಗೇರಿಗೆ ತಕ್ಕಂತೆ ಬೂಸ್ಟ್ ಇಳಿಸುವ ಅನುಕೂಲ ಎಲೆಕ್ಟ್ರಾನಿಕ್ ವ್ಯವಸ್ಥೆಗೆ ಮಾತ್ರ ಇದೆ.

ನಮ್ಮ ನಾಡಿನಲ್ಲಿ ಎತ್ತರದ ಲೆಕ್ಕವೂ ಸೇರುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ವಾತಾವರಣದ ಒತ್ತಡ 0.9 ಬಾರ್ ಆಸುಪಾಸಿನಲ್ಲಿದ್ದರೆ ಮಂಗಳೂರಿನಲ್ಲಿ ಅದು 1 ಬಾರ್. ಮ್ಯಾನುಯಲ್ ಕಂಟ್ರೋಲರ್ ಅಳೆಯುವುದು ವಾತಾವರಣಕ್ಕಿಂತ ಎಷ್ಟು ಹೆಚ್ಚು ಎಂಬುದನ್ನಷ್ಟೇ. ಬೆಂಗಳೂರಿನಲ್ಲಿ 1 ಬಾರಿಗೆ ಹೊಂದಿಸಿದ ಕಾರು ಶಿರಾಡಿ ಘಾಟಿ ಇಳಿದ ಮೇಲೆ 1.9ರ ಬದಲು 2 ಬಾರ್ ಒಟ್ಟು ಒತ್ತಡವನ್ನು, ಅದೂ ಕರಾವಳಿಯ ಸೆಕೆಯಲ್ಲಿ, ಎಂಜಿನ್ನಿಗೆ ಒತ್ತುತ್ತದೆ. ಸಾಮಾನ್ಯ ಪೆಟ್ರೋಲಿನಲ್ಲಿ ನಾಕಿಂಗ್ (ಇಂಧನ ಹೊತ್ತಲ್ಲದ ಹೊತ್ತಿಗೆ ತಾನಾಗಿ ಸಿಡಿಯುವುದು) ಅಂಚಿನವರೆಗೆ ಟ್ಯೂನ್ ಮಾಡಿದ್ದರೆ ಆ ವ್ಯತ್ಯಾಸವೇ ಅಪಾಯಕ್ಕೆ ಸಾಕು. ಒಟ್ಟು ಒತ್ತಡವನ್ನು ಓದಿ ಸರಿಪಡಿಸುವ ಕ್ಲೋಸ್ಡ್-ಲೂಪ್ ಎಲೆಕ್ಟ್ರಾನಿಕ್ ಕಂಟ್ರೋಲ್ ಇಲ್ಲಿ ನೆರವಾಗುತ್ತದೆ. ಆದರೆ ಎತ್ತರದಲ್ಲಿ ಅದೇ ಗುರಿ ಮುಟ್ಟಲು ಟರ್ಬೊ ಹೆಚ್ಚು ವೇಗವಾಗಿ ತಿರುಗಬೇಕಾಗುವುದರಿಂದ ಗುರಿಯನ್ನು ಅತಿಯಾಗಿ ಇಡಬಾರದು.

ನಾನು ಆಯ್ಕೆ ಮಾಡುವಾಗ ಕೊನೆಗೆ ಕೇಳಿಕೊಳ್ಳುವ ಪ್ರಶ್ನೆ, ಇದು ಕೆಟ್ಟರೆ ಏನಾಗುತ್ತದೆ ಎಂಬುದು. ಸೊಲೆನಾಯ್ಡಿನ ವೈರು ಕಿತ್ತರೆ ಬೂಸ್ಟ್ ಸ್ಪ್ರಿಂಗಿನ ಮಟ್ಟಕ್ಕೆ ಇಳಿಯುವಂತೆ ಹೋಸುಗಳನ್ನು ಜೋಡಿಸಿರಬೇಕು. ಕರೆಂಟ್ ಕೊಡದೆ ಸೊಲೆನಾಯ್ಡಿನ ಕಂಪ್ರೆಸರ್ (ಟರ್ಬೊದ ಗಾಳಿ ಒತ್ತುವ ಭಾಗ) ಕಡೆಯ ಮೂತಿಗೆ ಬಾಯಿಂದ ಊದಿ ನೋಡಿ: ಗಾಳಿ ಆಕ್ಚುಯೇಟರ್ ಕಡೆಯ ಮೂತಿಯಿಂದ ಬಂದರೆ ಜೋಡಣೆ ಸರಿ, ಬಾರದಿದ್ದರೆ ಮೂತಿಗಳು ಅದಲುಬದಲಾಗಿವೆ. ಹೋಸೇ ಕಳಚಿದರೆ ಮಾತ್ರ ಯಾವ ಕಂಟ್ರೋಲರೂ ಕಾಪಾಡದು. ಗೇಟ್ ಮುಚ್ಚಿಯೇ ಇದ್ದು ಬೂಸ್ಟ್ ಮಿತಿ ಮೀರುತ್ತದೆ. ಕ್ಲಿಪ್ ಹಾಕದ ಒಂದು ಹೋಸ್ ಬಿಸಿಗೆ ಸಡಿಲಗೊಂಡು ಜಾರಿದ್ದರಿಂದ ನನ್ನ ಗೆಳೆಯರೊಬ್ಬರ ಕಾರಿನ ಪಿಸ್ಟನ್ ರಿಂಗಿನ ಅಂಚು ಒಡೆದುಹೋದದ್ದನ್ನು, ಬಿಚ್ಚಿದ ಪಿಸ್ಟನ್ ಕೈಯಲ್ಲಿ ಹಿಡಿದು ನೋಡಿದ್ದೇನೆ. ಆದ್ದರಿಂದ ಹೋಸ್ ಗಿಡ್ಡಗಿರಲಿ, ಸಿಲಿಕಾನಿನದಾಗಿರಲಿ, ಎರಡೂ ತುದಿಗೆ ಕ್ಲಿಪ್ ಇರಲಿ. ಆಕ್ಚುಯೇಟರಿಗೆ ಹೋಗುವ ಗಾಳಿಯನ್ನು ಮ್ಯಾನಿಫೋಲ್ಡಿನಿಂದಲ್ಲ, ಥ್ರಾಟಲಿಗೆ ಮೊದಲು ಕಂಪ್ರೆಸರಿನ ಮೂತಿಯಿಂದಲೇ ತೆಗೆಯಬೇಕು.

ಇಸಿಯುವಿನಲ್ಲಿ ಓವರ್‌ಬೂಸ್ಟ್ ಕಟ್ ಅನ್ನು (ಬೂಸ್ಟ್ ಮಿತಿ ಮೀರಿದರೆ ಎಂಜಿನ್ನಿನ ಶಕ್ತಿ ಕಡಿತಗೊಳಿಸುವ ರಕ್ಷಣೆಯನ್ನು) ಗುರಿಗಿಂತ 0.2 ಬಾರ್ ಮೇಲೆ ನಿಗದಿ ಮಾಡಿ, ಆ ಒತ್ತಡವನ್ನು ನಿಮ್ಮ ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಸೆನ್ಸರ್) ಓದಬಲ್ಲದೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಆ ಬಳಿಕವೇ ಡ್ಯೂಟಿಯನ್ನು (ಸೊಲೆನಾಯ್ಡಿಗೆ ಕರೆಂಟ್ ಕೊಡುವ ಸಮಯದ ಪಾಲನ್ನು) ಶೇ 10ರಿಂದ ಶುರುಮಾಡಿ, ಪ್ರತಿ ಓಟಕ್ಕೆ ಶೇ 5ರಂತೆ ಏರಿಸುತ್ತ, ಪ್ರತಿ ಸಲವೂ ಲಾಗ್ ನೋಡಿಕೊಂಡು ಮುಂದುವರಿಯಬೇಕು.